ಆಸ್ಟ್ರೇಲಿಯಾದಲ್ಲಿ ಇಲಿ ಗಾತ್ರದ ಹೊಟ್ಟೆಚೀಲದ ಪ್ರಾಣಿಗಳ ಫೀಲ್ಡ್ ವರ್ಕ್ ಹೇಗಿರತ್ತೆ? ಎಂಎಸ್ಸಿ ಜುವಾಲಜಿ ಓದ್ತಿದೀನಿ, ನಾನೂ ಹೋಗಬಹುದಾ?

ಹೋಗಬಹುದು. ಆದ್ರೆ ಬೆಳಗಿನ ಜಾವ ಏಳೋ ಅಭ್ಯಾಸ ಇದ್ಯಾ, ಅದನ್ನ ಮೊದ್ಲು ಹೇಳಿ.

ನಾನು ಮೆಲ್ಬರ್ನ್‌ನಲ್ಲಿ ಮಾಸ್ಟರ್ಸ್ ಮಾಡುವಾಗ ಎರಡು ವರ್ಷ ಇದೇ ಕೆಲಸದಲ್ಲಿ ಬಿದ್ದಿದ್ದೆ, ಸ್ವಲ್ಪ ಸಂಬಳಕ್ಕೆ, ಜಾಸ್ತಿ ಪುಕ್ಕಟೆಗೆ. ಕಾಂಗರೂ ಕೋಲಾ ನೋಡೋಕೆ ಪ್ರಪಂಚವೇ ಬರತ್ತೆ, ನಾವು ಮಾತ್ರ ಮೆಲ್ಬರ್ನ್ ಪೂರ್ವಕ್ಕಿರೋ ಬೆಟ್ಟದ ಕಾಡಲ್ಲಿ ಜರೀಗಿಡದ ಬುಡದಲ್ಲಿ ಮಂಡಿಯೂರಿ ಕೂತು ಆಂಟಿಕೈನಸ್ ಅನ್ನೋ ಇಪ್ಪತ್ತು ಮೂವತ್ತು ಗ್ರಾಂ ಪ್ರಾಣಿ ಎಣಿಸ್ತಿದ್ವಿ. ನೋಡೋಕೆ ಥೇಟ್ ಸುಂಡಿಲಿ. ಇಲಿ ಅಂದ್ಕೊಂಡು ಸಲೀಸಾಗಿ ಕೈ ಹಾಕಿದ್ರೋ ಕೆಟ್ರಿ, ಇದು ಹುಳಹುಪ್ಪಟೆ ತಿನ್ನೋ ಬೇಟೆಗಾರ, ಬಾಯ್ತುಂಬ ಸೂಜಿ ಜೋಡಿಸಿಟ್ಟ ಹಾಗೆ ಹಲ್ಲು.

ಕೆಲಸ ಹೇಗಂದ್ರೆ, ಎಲಿಯಟ್ ಟ್ರ್ಯಾಪ್ ಅಂತ ಮಡಚೋ ಅಲ್ಯೂಮಿನಿಯಂ ಡಬ್ಬಿ ಇರತ್ತೆ. ಒಳಗೆ ತುಳಿಯೋ ತಗಡು, ತುಳಿದ ತಕ್ಷಣ ಬಾಗಿಲು ಬೀಳತ್ತೆ, ಪ್ರಾಣಿಗೆ ಏಟಾಗಲ್ಲ. ಓಟ್ಸ್, ಪೀನಟ್ ಬಟರ್, ಜೇನುತುಪ್ಪ ಕಲಸಿ ತಂಬಿಟ್ಟಿನ ಉಂಡೆ ತರ ಸಣ್ಣ ಸಣ್ಣದಾಗಿ ಕಟ್ಟಿ ಒಳಗಿಡ್ತೀವಿ, ಚಳಿಗೆ ಒಂದು ಹಿಡಿ ಹತ್ತಿಯಂಥ ಫೈಬರ್ ಕೂಡ ಇಡ್ತೀವಿ, ಮಳೆ ಬಂದ್ರೆ ನೆನೀಬಾರದು ಅಂತ ಡಬ್ಬಿಗೊಂದು ಪ್ಲಾಸ್ಟಿಕ್ ಕವರ್. ಸಂಜೆ ಇಡೋದು, ಬೆಳಕು ಹರಿಯೋ ಹೊತ್ತಿಗೆ ಎಲ್ಲಾ ನೋಡಿ ಮುಗಿಸೋದು. ಸಿಕ್ಕಿದ್ದನ್ನ ಬಟ್ಟೆ ಚೀಲಕ್ಕೆ ಜಾರಿಸಿ ತೂಕ, ಗಂಡೋ ಹೆಣ್ಣೋ, ಮೊದಲೇ ಮೈಕ್ರೋಚಿಪ್ ಹಾಕಿದೆಯಾ ಅಂತ ನೋಡಿ, ಹಿಡಿದ ಜಾಗದಲ್ಲೇ ಬಿಡೋದು. ಇಷ್ಟೇ. ಮೂರನೇ ದಿನಕ್ಕೆ ಪೀನಟ್ ಬಟರ್ ವಾಸನೆ ಅಂದ್ರೇ ಹೊಟ್ಟೆ ತೊಳಸತ್ತೆ, ನಾನು ಇವತ್ತಿಗೂ ತಿನ್ನಲ್ಲ.

ಒಂದ್ಸಲ ನಾನೇ ಮಾಡಿದ ಎಡವಟ್ಟು ಹೇಳ್ತೀನಿ. ಐವತ್ತು ಡಬ್ಬಿ ಇಟ್ಟಿದ್ದೆ, ಬೆಳಿಗ್ಗೆ ಎಣಿಸಿದ್ರೆ ನಲವತ್ತೊಂಬತ್ತು. ಗಿಡಕ್ಕೆ ಗುರುತಿನ ರಿಬ್ಬನ್ ಕಟ್ಟೋದು ಒಂದು ಕಡೆ ಮರೆತಿದ್ದೆ. ಜಿಗಣೆ ಕಿತ್ತು ಬಿಸಾಡ್ತಾ ಮುಕ್ಕಾಲು ಗಂಟೆ ಹುಡುಕಿದ ಮೇಲೆ ಬಿದ್ದ ಮರದ ಅಡಿ ಸಿಕ್ತು, ಒಳಗೊಂದು ಹೆಣ್ಣು ಆಂಟಿಕೈನಸ್, ಮೈ ತಣ್ಣಗಾಗಿ ಅಲ್ಲಾಡದೆ ಕೂತಿತ್ತು. ಚೀಲ ಸಮೇತ ಜಾಕೆಟ್ ಒಳಗೆ ಎದೆಗೆ ಒತ್ತಿ ಹಿಡ್ಕೊಂಡು ಕೂತೆ, ಆಮೇಲೆ ಚೇತರಿಸ್ಕೊಂಡು ಬಟ್ಟೆ ಮೇಲಿಂದಲೇ ಕಚ್ಚಿತು. ಅಷ್ಟು ಖುಷಿಯಿಂದ ನಾನು ಯಾವತ್ತೂ ಕಚ್ಚಿಸ್ಕೊಂಡಿಲ್ಲ. ಅವತ್ತಿಂದ ಇಡುವಾಗ ಎಣಿಕೆ, ತೆಗೆಯುವಾಗ ಎಣಿಕೆ, ಕಾರು ಹತ್ತುವಾಗ ಇನ್ನೊಂದ್ಸಲ.

ಇದಕ್ಕಿಂತ ತಲೆ ಕೆಟ್ಟಿದ್ದು ಖಾಲಿ ಡಬ್ಬಿಗಳಿಂದ. ಜೂನ್‌ನಲ್ಲಿ ಗಂಡು ಹೆಣ್ಣು ಎರಡೂ ಚೆನ್ನಾಗಿ ಬೀಳ್ತಿದ್ವು, ಅದೇ ಜಾಗ ಅದೇ ಡಬ್ಬಿ, ಸೆಪ್ಟೆಂಬರ್‌ನಲ್ಲಿ ಹೋದ್ರೆ ಬರೀ ಹೆಣ್ಣು, ಒಂದೇ ಒಂದು ಗಂಡಿಲ್ಲ. ಪುಸ್ತಕದಲ್ಲಿ ಓದಿದ್ದೆ, ಆದ್ರೂ ಎದುರಿಗೆ ಆದಾಗ ನಾನೇ ಏನೋ ತಪ್ಪು ಮಾಡಿದೀನಿ ಅನ್ಸಿತ್ತು. ಈ ಜಾತಿಯಲ್ಲಿ ಗಂಡು ಒಂದು ವರ್ಷ ಪೂರ್ತಿ ಬದುಕಲ್ಲ ಕಣ್ರೀ. ಚಳಿಗಾಲದಲ್ಲಿ ಒಂದೆರಡು ವಾರ ಕೂಡೋ ಕಾಲ, ಆಗ ಊಟ ನಿದ್ದೆ ಬಿಟ್ಟು ಹೆಣ್ಣಿನ ಹಿಂದೆ ಅಲೀತಾವೆ, ಮೈಯಲ್ಲಿ ಕಾರ್ಟಿಸಾಲ್ ಅನ್ನೋ ಒತ್ತಡದ ಹಾರ್ಮೋನ್ ವಿಪರೀತ ಏರಿ ಇಳಿಯೋದೇ ಇಲ್ಲ, ರೋಗ ತಡೆಯೋ ಶಕ್ತಿ ಕುಸಿದು ಹೊಟ್ಟೆಯಲ್ಲಿ ಹುಣ್ಣಾಗಿ ಎಲ್ಲಾ ಗಂಡೂ ಸಾಯ್ತಾವೆ. ಅಪ್ಪಂದಿರೆಲ್ಲ ಸತ್ತ ಮೇಲೇ ಮರಿ ಹುಟ್ಟೋದು. ಈಗ ಯಾರೋ ಸೆಪ್ಟೆಂಬರ್‌ನಲ್ಲಿ ಒಂದೇ ಸಲ ಹೋಗಿ ಎಣಿಸಿ ‘ಅರ್ಧಕ್ಕರ್ಧ ನಾಶ ಆಗಿದೆ’ ಅಂತ ರಿಪೋರ್ಟ್ ಬರೆದ್ರೆ? ಅದಕ್ಕೇ ಅದೇ ಜಾಗಕ್ಕೆ ಅದೇ ತಿಂಗಳಲ್ಲಿ ವರ್ಷಗಟ್ಟಲೆ ಹೋಗ್ಬೇಕು. ಒಂದು ಸಲದ ಎಣಿಕೆ ನನ್ನ ಪ್ರಕಾರ ಇಲ್ಲದ್ದಕ್ಕಿಂತ ಅಪಾಯ.

ಸಂರಕ್ಷಣೆಗೂ ಇದೇ ಲೆಕ್ಕ. ಈಸ್ಟರ್ನ್ ಬಾರ್ಡ್ ಬ್ಯಾಂಡಿಕೂಟ್ ಅನ್ನೋ ಇನ್ನೊಂದು ಹೊಟ್ಟೆಚೀಲದ ಪ್ರಾಣಿ ತಗೊಳ್ಳಿ. (ಬ್ಯಾಂಡಿಕೂಟ್ ಅನ್ನೋ ಹೆಸರು ನಮ್ಮ ಕಡೆಯದೇ, ತೆಲುಗಿನ ಪಂದಿಕೊಕ್ಕು, ಅಂದ್ರೆ ಹಂದಿ ಇಲಿ, ನಮ್ಮ ಹೆಗ್ಗಣ. ಬ್ರಿಟಿಷರು ಆ ಹೆಸರನ್ನ ಒಯ್ದು ಸಂಬಂಧವೇ ಇಲ್ಲದ ಪ್ರಾಣಿಗೆ ಅಂಟಿಸಿದ್ರು. ಅಮ್ಮನಿಗೆ ಫೋನಲ್ಲಿ ಹೇಳಿದ್ದಕ್ಕೆ ‘ಹೆಗ್ಗಣ ಹಿಡಿಯೋಕೆ ಅಷ್ಟು ಸಾಲ ಮಾಡಿ ಹೋದ್ಯಾ, ನಮ್ಮ ಹಿತ್ತಲಲ್ಲಿ ಬೇಕಾದಷ್ಟಿದ್ವು’ ಅಂದ್ರು.) ಉದ್ದ ಮೂತಿ, ಬೆನ್ನಿನ ಹಿಂಭಾಗದಲ್ಲಿ ಬಿಳಿ ಪಟ್ಟೆ, ಮಣ್ಣು ತುಂಬಬಾರದು ಅಂತ ಚೀಲದ ಬಾಯಿ ಹಿಂದಕ್ಕೆ. ಗರ್ಭ ಬರೀ ಹನ್ನೆರಡೂವರೆ ದಿನ. ಇಷ್ಟು ಬೇಗ ಹೆರೋ ಪ್ರಾಣಿಯೇ ಮೆಲ್ಬರ್ನ್ ಇರೋ ವಿಕ್ಟೋರಿಯಾ ರಾಜ್ಯದಲ್ಲಿ ಮುಳುಗೋ ಸ್ಥಿತಿಗೆ ಬಂತು, ಹುಲ್ಲುಗಾವಲೆಲ್ಲ ಹೊಲ ಆಯ್ತು, ಯುರೋಪಿಂದ ತಂದ ನರಿ ಮತ್ತೆ ಬೆಕ್ಕು ಉಳಿದಿದ್ದನ್ನ ಮುಗಿಸಿದ್ವು. ಕೊನೆಗೆ ಹ್ಯಾಮಿಲ್ಟನ್ ಅನ್ನೋ ಊರ ಸುತ್ತ ಮಾತ್ರ ಉಳಿದಿದ್ದು, ಅದೂ ಎಲ್ಲಿ, ಜನರ ಕೈತೋಟದಲ್ಲಿ, ಕಸದ ಗುಡ್ಡೆ ಹತ್ರ ಬಿದ್ದಿದ್ದ ಗುಜರಿ ಕಾರುಗಳ ಅಡಿಯಲ್ಲಿ.

1980ರ ದಶಕದ ಕೊನೆಗೆ ಅಲ್ಲಿಂದ ಕೆಲವನ್ನ ಹಿಡಿದು ಸಾಕಿ ಮರಿ ಮಾಡಿಸೋಕೆ ಶುರು ಮಾಡಿದ್ರು. ಮೆಲ್ಬರ್ನ್ ಏರ್‌ಪೋರ್ಟ್ ಹತ್ರ ವುಡ್‌ಲ್ಯಾಂಡ್ಸ್ ಅನ್ನೋ ಕಡೆ ಬೇಲಿ ಹಾಕಿ ಬಿಟ್ರು, ಮೊದಮೊದಲು ಚೆನ್ನಾಗಿ ಹೆಚ್ಚಿದ್ವು. ಆಗಲೇ ಎಣಿಸೋದು ನಿಲ್ಲಿಸಿದ್ರೆ ‘ಗೆದ್ವಿ’ ಅಂತ ಫೋಟೋ ತೆಗೆಸ್ಕೊಂಡು ಮನೆಗೆ ಹೋಗ್ಬಹುದಿತ್ತು. ಆಮೇಲೆ ಬರ ಬಂತು, ಕಾಂಗರೂಗಳು ಹುಲ್ಲು ಬೋಳಿಸಿದ್ವು, ಅಡಗೋಕೆ ಜಾಗ ಇಲ್ಲ, ನರಿ ಕಾಟ ಬೇರೆ, ಅಲ್ಲಿಯ ಗುಂಪು ಕುಸೀತು. ಬೇಲಿ ಹಾಕಿದ್ರೆ ಆಯ್ತು ಅನ್ನೋರಿಗೆ ನಾನು ಇದನ್ನೇ ಹೇಳೋದು.

ಆಮೇಲೆ ದಾರಿ ಬದಲಾಯ್ತು, ನರಿ ಇಲ್ಲದ ದ್ವೀಪಗಳಿಗೆ ಹೋದ್ರು. 2015ರಲ್ಲಿ ಚರ್ಚಿಲ್ ದ್ವೀಪ, 2017ರಲ್ಲಿ ಫಿಲಿಪ್ ದ್ವೀಪ, 2019ರಲ್ಲಿ ಫ್ರೆಂಚ್ ದ್ವೀಪ. ಫಿಲಿಪ್‌ನಲ್ಲಿ ಪುಟ್ಟ ಪೆಂಗ್ವಿನ್‌ಗಳಿಗೋಸ್ಕರ ಮೊದಲಿಂದ ನರಿ ಹಿಡಿದು ಹಿಡಿದು ಖಾಲಿ ಮಾಡಿದ್ರು, ಅದರ ಲಾಭ ಇದಕ್ಕೂ ಸಿಕ್ತು. 2021ರಲ್ಲಿ ವಿಕ್ಟೋರಿಯಾ ಸರ್ಕಾರ ಇದನ್ನ ಕಾಡಿನಲ್ಲಿ ಅಳಿದುಹೋದ ಪಟ್ಟಿಯಿಂದ ತೆಗೆದು ಅಪಾಯದಲ್ಲಿರೋ ಪಟ್ಟಿಗೆ ಹಾಕ್ತು. ಆಸ್ಟ್ರೇಲಿಯಾದಲ್ಲಿ ಹೀಗೆ ಆಗಿದ್ದು ಇದೇ ಮೊದಲು. ಅಪಾಯದಲ್ಲಿದೆ ಅಂತ ಹೇಳಿದ್ದಕ್ಕೆ ಜನ ಕುಣಿದಾಡಿದ್ದನ್ನ ನೋಡಿದ್ದು ನಾನು ಅದೊಂದೇ ಸಲ.

ನಿಮ್ಮ ವಿಷಯಕ್ಕೆ ಬರ್ತೀನಿ. ಎಂಎಸ್ಸಿ ಸಾಕು, ಆದ್ರೆ ಅಂಕಿಅಂಶ ಗಟ್ಟಿ ಮಾಡ್ಕೊಳ್ಳಿ, ಹಿಡಿಯೋದು ವಾರದಲ್ಲಿ ಬರತ್ತೆ, ‘ಹಿಡಿದು ಗುರುತು ಹಾಕಿ ಮತ್ತೆ ಹಿಡಿ’ ಅನ್ನೋ ಲೆಕ್ಕ ವಾರದಲ್ಲಿ ಬರಲ್ಲ. ಡ್ರೈವಿಂಗ್ ಲೈಸೆನ್ಸ್ ಬೇಕೇ ಬೇಕು, ಅದಿಲ್ಲದೆ ಫೀಲ್ಡ್ ಕೆಲಸಕ್ಕೆ ಯಾರೂ ಕರೆಯಲ್ಲ. ಪ್ರಾಣಿ ಮುಟ್ಟೋಕೆ ಎಥಿಕ್ಸ್ ಕಮಿಟಿ ಒಪ್ಪಿಗೆ, ವನ್ಯಜೀವಿ ಪರ್ಮಿಟ್ ಎರಡೂ ಇರ್ಬೇಕು, ಅದನ್ನ ಯೂನಿವರ್ಸಿಟಿ ನೋಡ್ಕೊಳತ್ತೆ. ಬರೋದು ಜೂನ್ ಜುಲೈ ಅಂದ್ರೆ ಥರ್ಮಲ್ ಒಳಉಡುಪು ತಗೊಂಡು ಬನ್ನಿ, ಅಲ್ಲಿ ಆಗ ಚಳಿಗಾಲ, ನಾನು ಊರಿಂದ ತಂದಿದ್ದ ಒಂದೇ ಸ್ವೆಟರ್‌ನಲ್ಲಿ ಮೊದಲ ವಾರ ಕಳೆದೆ.