ಬಾಡಿಗೆಗೆ ತಂದ ‘ಚಕ್ರ’ದಿಂದ ನಮಗೆ ದಕ್ಕಿದ್ದೇನು?

ಪ್ರಶ್ನೆ: ರಷ್ಯಾದಿಂದ ಬಾಡಿಗೆಗೆ ತಂದಿದ್ದ ಅಣುಶಕ್ತಿ ಚಾಲಿತ ಜಲಾಂತರ್ಗಾಮಿ ಐಎನ್‌ಎಸ್ ಚಕ್ರವನ್ನು ಹಿಂದಿರುಗಿಸಿದ್ದಾರಂತೆ. ನಮ್ಮದೇ ಅಣುಶಕ್ತಿ ಜಲಾಂತರ್ಗಾಮಿ ಅರಿಹಂತ್ ಇರುವಾಗ ಅದಕ್ಕೆ ಸುರಿದ ಹಣ ದಂಡವಲ್ಲವೇ? ಇಲ್ಲಿನ ಸೈನಿಕ ಶಾಲೆಯಲ್ಲಿ ಓದುತ್ತಿರುವ ನನ್ನ ಮಗ ಮುಂದೆ ಇಂಥ ಕೆಲಸಕ್ಕೆ ಸೇರಬಹುದೇ?
– ಓದುಗರೊಬ್ಬರು, ವಿಜಯಪುರ

ಉತ್ತರ: ದಂಡವಲ್ಲ. ಮೊದಲಿಗೆ, ಎರಡೂ ಒಂದೇ ಕೆಲಸಕ್ಕಲ್ಲ. ಅರಿಹಂತ್ ಅಣ್ವಸ್ತ್ರ ಕ್ಷಿಪಣಿಗಳನ್ನು ಹೊತ್ತು ಕಡಲಾಳದಲ್ಲಿ ಅಡಗಿರಬೇಕಾದದ್ದು. ಚಕ್ರ ಶತ್ರುವಿನ ಹಡಗು, ಜಲಾಂತರ್ಗಾಮಿಗಳ ಬೆನ್ನು ಹತ್ತುವಂಥದ್ದು. ಡೀಸೆಲ್ ಜಲಾಂತರ್ಗಾಮಿ ಬ್ಯಾಟರಿ ಚಾರ್ಜ್ ಮಾಡಿಕೊಳ್ಳಲು ಆಗಾಗ ಮೇಲಕ್ಕೆ ಬರಬೇಕು, ಸಿಕ್ಕಿಬೀಳುವುದೂ ಆಗಲೇ. ಅಣುಶಕ್ತಿ ಉತ್ಪಾದಿಸುವ ರಿಯಾಕ್ಟರ್ ಇರುವ ಜಲಾಂತರ್ಗಾಮಿಗೆ ಆ ಗೋಜಿಲ್ಲ. ಒಳಗಿನವರ ದಿನಸಿ ಮುಗಿಯುವವರೆಗೂ ಮುಳುಗಿಯೇ ಇರಬಹುದು.

ಈ ಚಕ್ರ ಹುಟ್ಟಿದ್ದೇ ಪಡಿಪಾಟಲಿನಲ್ಲಿ. ರಷ್ಯಾದ ಪೂರ್ವದಂಚಿನ ಕೊಮ್ಸೊಮೊಲ್ಸ್ಕ್‌ನಲ್ಲಿ 1993ರಲ್ಲಿ ‘ನೆರ್ಪಾ’ ಎಂಬ ಹೆಸರಿನಲ್ಲಿ ಅದನ್ನು ಕಟ್ಟತೊಡಗಿದರು. ಸೋವಿಯತ್ ಒಕ್ಕೂಟ ಒಡೆದು ಖಜಾನೆ ಬರಿದಾಗಿದ್ದ ಕಾಲ; ಅರೆಬರೆ ಒಡಲು ವರ್ಷಗಟ್ಟಲೆ ಹಾಗೆಯೇ ಬಿದ್ದಿತ್ತು. ಭಾರತದ ಹಣ ಒದಗಿ ಕೆಲಸ ಮುಂದುವರಿದು, 2006ರಲ್ಲಿ ನೀರಿಗಿಳಿಯಿತು. ಉದ್ದ ಸುಮಾರು 110 ಮೀಟರ್, ಅಂದರೆ ನಿಮ್ಮೂರಿನ ಗೋಳಗುಮ್ಮಟದ ಎತ್ತರದ ಎರಡು ಪಟ್ಟು. 2008ರ ನವೆಂಬರ್ 8ರಂದು ಜಪಾನ್ ಸಮುದ್ರದಲ್ಲಿ ಪರೀಕ್ಷೆ ನಡೆಯುತ್ತಿದ್ದಾಗ, ಬೆಂಕಿಯೇ ಇಲ್ಲದೆ ಬೆಂಕಿ ನಂದಿಸುವ ವ್ಯವಸ್ಥೆ ಚಾಲೂ ಆಗಿ ಅನಿಲ ತುಂಬಿಕೊಂಡು 20 ಮಂದಿ ಸತ್ತರು. ಅದರ ಮಾಮೂಲು ಸಿಬ್ಬಂದಿ 70ರ ಆಸುಪಾಸು. ಅಂದು ಒಳಗಿದ್ದವರು 208! ಸತ್ತವರಲ್ಲಿ ಬಹುಪಾಲು ಸೈನಿಕರಲ್ಲ, ನಾಗರಿಕರು. ರಿಯಾಕ್ಟರ್‌ಗೆ ಏನೂ ಆಗಿರಲಿಲ್ಲ. ಆದರೂ ‘ಅಣು ಅವಘಡ’ ಎಂದು ಈಗಲೂ ಬರೆಯುವವರಿದ್ದಾರೆ.

2012ರ ಏಪ್ರಿಲ್‌ನಲ್ಲಿ ವಿಶಾಖಪಟ್ಟಣದಲ್ಲಿ ನಮ್ಮ ನೌಕಾಪಡೆಗೆ ಸೇರಿತು. 2021ರ ಜೂನ್‌ನಲ್ಲಿ ಮರಳಿತು. ಅಣ್ವಸ್ತ್ರ ಹೊರುವ ಅವಕಾಶ ಅದಕ್ಕಿರಲಿಲ್ಲ. ನಾವು ಹಣ ಕೊಟ್ಟದ್ದು ಮುಖ್ಯವಾಗಿ ಕಲಿಕೆಗೆ. ರಿಯಾಕ್ಟರ್ ಪಕ್ಕದಲ್ಲೇ ಉಂಡು ಮಲಗಿ, ಅದನ್ನು ಹಗಲಿರುಳು ನಡೆಸುವುದು ತರಗತಿಯಲ್ಲಿ ಬರುವ ವಿದ್ಯೆಯಲ್ಲ. ಇದಕ್ಕೆ ಹಿಂದಿನ ನಿದರ್ಶನವೂ ಇದೆ: 1988ರಿಂದ 1991ರವರೆಗೆ ಇದೇ ಹೆಸರಿನ ಇನ್ನೊಂದು ಜಲಾಂತರ್ಗಾಮಿಯನ್ನು ಬಾಡಿಗೆಗೆ ತಂದಿದ್ದೆವು. ಅದನ್ನು ಮುನ್ನಡೆಸಿದ ಆರ್. ಎನ್. ಗಣೇಶ್ ಅವರೇ ಮುಂದೆ, ಅರಿಹಂತ್ ರೂಪುಗೊಂಡ ಯೋಜನೆಯ ಮುಖ್ಯಸ್ಥರಾದರು. ಚಕ್ರದಂಥ, ಅಣುಶಕ್ತಿ ಚಾಲಿತ ಬೇಟೆಯ ಜಲಾಂತರ್ಗಾಮಿ ಮಾತ್ರ ಇನ್ನೂ ನಮ್ಮದಾಗಿಲ್ಲ. ಅಂಥ ಎರಡನ್ನು ದೇಶದಲ್ಲೇ ಕಟ್ಟಲು ಕೇಂದ್ರ ಸರ್ಕಾರ ಒಪ್ಪಿದ್ದು 2024ರ ಅಕ್ಟೋಬರ್‌ನಲ್ಲಿ. ತಡವಾಯಿತು ಎಂಬುದು ನನ್ನ ತಕರಾರು.

ಮಗನ ವಿಷಯ: ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಮೂಲಕ ನೌಕಾಪಡೆಗೆ ಸೇರಿದರೆ ದಾರಿಯಿದೆ. ಜಲಾಂತರ್ಗಾಮಿ ವಿಭಾಗಕ್ಕೆ ಸ್ವಇಚ್ಛೆಯಿಂದ ಮುಂದೆ ಬಂದವರನ್ನು ಆರಿಸಿ, ವಿಶಾಖಪಟ್ಟಣದ ಐಎನ್‌ಎಸ್ ಶಾತವಾಹನ ಎಂಬ ಕೇಂದ್ರದಲ್ಲಿ ತರಬೇತಿ ಕೊಡುತ್ತಾರೆ. ಸದ್ಯಕ್ಕೆ ಗಣಿತ, ಭೌತಶಾಸ್ತ್ರ ಗಟ್ಟಿಯಾಗಲಿ. ಈಜು ಬಾರದಿದ್ದರೆ ಈ ಬೇಸಿಗೆಯಲ್ಲೇ ಕಲಿಸಿ.