ಫಿಲ್ಲಿಂಗ್ ಆದ ಮೇಲೆ ಅಗಿದರೆ ನೋವು
ನಿಮ್ಮ ಹಲ್ಲಿನ ಫಿಲ್ಲಿಂಗ್ ಚೂರು ಎತ್ತರವಾಗಿದೆ ಅನ್ನಿಸುತ್ತದೆ. ಹಾಕಿಸಿ ನಾಲ್ಕು ದಿನವಾದರೂ ಚಕ್ಕುಲಿ ಅಗಿದರೆ ಚುಳ್ ಅನ್ನುತ್ತದೆ ಅಂದಿರಲ್ಲ, ನನಗೂ ಥೇಟ್ ಹಾಗೇ ಆಗಿತ್ತು. ಮೆಲ್ಲಗೆ ಬಾಯಿ ಮುಚ್ಚಿ ನೋಡಿ. ಆ ಹಲ್ಲೇ ಮೊದಲು ತಾಗುತ್ತದೆ ಅಲ್ವಾ? ಹಾಗಿದ್ದರೆ ತಾನಾಗಿ ಸವೆಯಲಿ ಅಂತ ಸುಮ್ನೆ ಕೂರಬೇಡಿ. ಡಾಕ್ಟರ್ ಬಣ್ಣದ ಕಾಗದ ಕಚ್ಚಿಸಿ, ಗುರುತು ಬಿದ್ದ ಕಡೆ ಉಜ್ಜಿ ತಗ್ಗಿಸುತ್ತಾರೆ. ಸಾಮಾನ್ಯವಾಗಿ ಇಂಜೆಕ್ಷನ್ ಕೂಡ ಬೇಕಾಗುವುದಿಲ್ಲ.

ಅಲ್ಲಿವರೆಗೆ ಇನ್ನೊಂದು ಪಕ್ಕದಲ್ಲಿ ಅಗಿಯಿರಿ. ನೋವು ಅಂತ ಹಲ್ಲುಜ್ಜುವುದನ್ನು ಬಿಡಬೇಡಿ: ಮೆತ್ತನೆ ಬ್ರಷ್, ಫ್ಲೋರೈಡ್ ಪೇಸ್ಟ್, ದಿನಕ್ಕೆ 2 ಸಲ. ಲವಂಗದ ಎಣ್ಣೆ ಸುರಿದುಕೊಳ್ಳಬೇಡಿ, ಒಸಡು ಸುಡುತ್ತದೆ.

ತಣ್ಣೀರಿಗೆ ಜುಮ್ ಅನ್ನುವುದು ಹೆಚ್ಚಾಗಿ 2–4 ವಾರದಲ್ಲಿ ಇಳಿಯುತ್ತದೆ. ಏನೂ ತಿನ್ನದಿದ್ದರೂ ರಾತ್ರಿ ಮಿಡಿಯುವ ನೋವು, ಊತ, ಜ್ವರ ಬಂದರೆ ನರದ ತೊಂದರೆ ಇರಬಹುದು, ನೋಡದೆ ಹೇಳಲಾಗದು. ಅವತ್ತೇ ಹೋಗಿ ತೋರಿಸಿ.