ಮನೆಮಂದಿಯ ಎಸ್‌ಯುವಿಗೆ ಹಿಚ್: ಓದುಗರ ಪ್ರಶ್ನೆಗಳು, ನಮ್ಮ ಉತ್ತರಗಳು

ಬೇಸಿಗೆ ರಜೆ ಹತ್ತಿರ ಬಂದಂತೆ ಅಮೆರಿಕದ ಕನ್ನಡಿಗರಿಂದ ಕ್ಯಾಂಪರ್ (ಕಾರು ಎಳೆದೊಯ್ಯುವ ಗಾಲಿಮನೆ), ಟ್ರೇಲರ್, ಸೈಕಲ್ ರ‍್ಯಾಕ್ ಕುರಿತ ಪ್ರಶ್ನೆಗಳೇ ಹೆಚ್ಚು. ಇವನ್ನೆಲ್ಲ ಕಾರಿನ ಹಿಂಬದಿಗೆ ಸಿಕ್ಕಿಸಲು ಚಾಸಿಗೆ ಬಿಗಿಯುವ ಕಬ್ಬಿಣದ ತೊಲೆಯೇ ಹಿಚ್. ಈ ಸಲದ ಅಂಕಣವನ್ನು ಅವಕ್ಕೇ ಬಿಟ್ಟಿದ್ದೇವೆ. ಕೊನೆಯ ಹೊತ್ತಿಗೆ ಮೈಸೂರಿನಿಂದ ಬಂದ ಒಂದು ಪ್ರಶ್ನೆಯೂ ಸೇರಿದೆ.

ಪ್ರಶ್ನೆ: ನಮ್ಮದು ವಿ6 ಎಂಜಿನ್ನಿನ ಟೊಯೊಟಾ ಹೈಲ್ಯಾಂಡರ್. ಕೈಪಿಡಿಯಲ್ಲಿ 5,000 ಪೌಂಡ್ ಎಳೆಯಬಹುದು, ಟಂಗ್ ವೇಟ್ 500 ಪೌಂಡ್ ಎಂದಿದೆ. ಅಂಗಡಿಯವರು ತೋರಿಸಿದ ಹಿಚ್ ಮೇಲೆ 6,000 ಎಂದು ಬರೆದಿದೆ. ಬ್ರೋಷರ್‌ನಲ್ಲಿ 3,200 ಪೌಂಡ್ ಎಂದಿರುವ ಕ್ಯಾಂಪರ್ ನೋಡಿಟ್ಟಿದ್ದೇವೆ. ಜೂನ್‌ನಲ್ಲಿ ಅಪ್ಪ ಅಮ್ಮ ಬರುತ್ತಾರೆ, ಒಟ್ಟು ಆರು ಜನ. ತೊಂದರೆ ಇಲ್ಲ ತಾನೆ? (ಡಲ್ಲಾಸ್)

ಗಂಡ ಹೆಂಡತಿ ಇಬ್ಬರೇ ಹೋದರೆ ತೊಂದರೆ ಇಲ್ಲ. ಆರು ಜನ ಕೂತರೆ ಇದೆ.

ಹಿಚ್ ಮೇಲಿನ 6,000 ಆ ಕಬ್ಬಿಣದ ತಾಕತ್ತು ಅಷ್ಟೆ, ಕಾರಿನದಲ್ಲ. ಕಾರು, ಹಿಚ್, ಅದರೊಳಗೆ ತೂರಿಸುವ ಬಾಲ್ ಮೌಂಟ್, ಅದರ ಮೇಲಿನ ಗುಂಡು ಅಂದರೆ ಬಾಲ್, ಆ ಬಾಲನ್ನು ಕಚ್ಚುವ ಟ್ರೇಲರಿನ ಕಪ್ಲರ್, ಪ್ರತಿಯೊಂದಕ್ಕೂ ಒಂದೊಂದು ಮಿತಿ ಇರುತ್ತದೆ. ಅವುಗಳಲ್ಲಿ ಯಾವುದು ಕಡಿಮೆಯೋ ಅದೇ ನಿಮ್ಮ ಮಿತಿ. 5,000 ಎನ್ನುವ ಅಂಕಿಯೂ ನಿಮ್ಮ ಕಾರಿನಲ್ಲಿ ಆರು ಜನ ಕೂತಾಗ ಬಂದದ್ದಲ್ಲ. ಹೆಚ್ಚಿನ ಕಂಪನಿಗಳು ಅನುಸರಿಸುವ ಎಸ್‌ಎಇ (ವಾಹನ ಎಂಜಿನಿಯರುಗಳ ಸಂಸ್ಥೆ) ಜೆ2807 ಪರೀಕ್ಷೆಯಲ್ಲಿ ಇಂಥ ಎಸ್‌ಯುವಿಯೊಳಗೆ ಇರುವುದು ಚಾಲಕ ಮತ್ತು ಪಕ್ಕದ ಸೀಟಿನ ಒಬ್ಬರು, ತಲಾ 150 ಪೌಂಡ್ ಲೆಕ್ಕದಲ್ಲಿ.

ಚಾಲಕನ ಬಾಗಿಲು ತೆಗೆದರೆ ಕಂಬದ ಮೇಲೆ ಹಳದಿ-ಬಿಳಿ ಚೀಟಿ ಅಂಟಿಸಿರುತ್ತಾರೆ. ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಎಂದು ಅದರಲ್ಲಿ ಬರೆದಿರುತ್ತದೆ. ಟ್ರೇಲರಿನ ಮೂತಿ ಹಿಚ್ ಮೇಲೆ ಒತ್ತುವ ಭಾರ, ಅಂದರೆ ಟಂಗ್ ವೇಟ್, ಕೂಡ ಈ ಲೆಕ್ಕಕ್ಕೇ ಸೇರಬೇಕು. ಮುಗ್ಗರಿಸುವುದು ಇಲ್ಲೇ. ನಿಮ್ಮ ಚೀಟಿಯಲ್ಲಿ 1,350 ಇದೆ ಎಂದುಕೊಳ್ಳೋಣ (ಮಾದರಿಯಿಂದ ಮಾದರಿಗೆ ಬದಲಾಗುತ್ತದೆ, ನಿಮ್ಮದನ್ನೇ ಓದಿ). ನೀವಿಬ್ಬರು 320, ಮಕ್ಕಳಿಬ್ಬರು 150, ಅಪ್ಪ ಅಮ್ಮ 290, ಒಟ್ಟು 760. ಸೂಟ್‌ಕೇಸ್, ಕೂಲರ್ 150. ಹೊಸದಾಗಿ ಹಾಕಿಸಿದ ಹಿಚ್ ಮತ್ತು ಬಾಲ್ ಮೌಂಟ್ 55. ಉಳಿದದ್ದು 385 ಪೌಂಡ್.

ಈಗ ಕ್ಯಾಂಪರ್. ಬ್ರೋಷರಿನ 3,200 ಎನ್ನುವುದು ಬರಿಯ ಕ್ಯಾಂಪರಿನ ತೂಕ. 30 ಗ್ಯಾಲನ್ ನೀರು ತುಂಬಿದರೆ 250 ಪೌಂಡ್ (ಗ್ಯಾಲನ್‌ಗೆ ಸುಮಾರು 8.3), ಎರಡು ಪ್ರೊಪೇನ್ ಸಿಲಿಂಡರ್ 75, ಬ್ಯಾಟರಿ 60, ಪಾತ್ರೆ-ಹಾಸಿಗೆ-ಕುರ್ಚಿ ಇನ್ನೂರು ಚಿಲ್ಲರೆ. 3,800 ಆಯಿತು. ಟಂಗ್ ವೇಟ್ ಒಟ್ಟು ತೂಕದ ಶೇ. 10ರಿಂದ 15ರಷ್ಟಿರಬೇಕು. ಶೇ. 13 ಹಿಡಿದರೆ 494 ಪೌಂಡ್. ನಿಮ್ಮಲ್ಲಿ ಉಳಿದದ್ದು 385.

ಸಾಮಾನನ್ನೆಲ್ಲ ಕ್ಯಾಂಪರಿಗೆ ಹಾಕಿದರಾಯಿತಲ್ಲ ಅನ್ನಬಹುದು. ಆಗ ಕಾರಿನಲ್ಲಿ 535 ಪೌಂಡಿಗೆ ಜಾಗ ಸಿಗುತ್ತದೆ, ನಿಜ. ಆದರೆ ಕ್ಯಾಂಪರ್ 3,950ಕ್ಕೆ ಏರಿ ಟಂಗ್ ವೇಟ್ 513 ಆಗುತ್ತದೆ, ಕೈಪಿಡಿಯ 500 ದಾಟಿತು. ನೀರಿನ ಟ್ಯಾಂಕನ್ನೂ ಖಾಲಿ ಇಟ್ಟು ಕ್ಯಾಂಪ್‌ಗ್ರೌಂಡಿಗೆ ಹೋದಮೇಲೆ ತುಂಬಿಸಿಕೊಂಡರೆ 3,700, ಟಂಗ್ ವೇಟ್ 481. ಲೆಕ್ಕ ಕೂಡಿತು, ಆದರೆ ಅಂಚಿನ ಮೇಲೆ. ಅಪ್ಪ ಅಮ್ಮ ಬಂದಾಗ ಎರಡನೇ ಕಾರನ್ನೂ ತೆಗೆದುಕೊಂಡು ಹೋಗುವುದೇ ಮೇಲೆಂಬುದು ನಮ್ಮ ಅಭಿಪ್ರಾಯ.

ಕೊನೆಗೆ ಇದೆಲ್ಲ ಕಾಗದದ ಲೆಕ್ಕ. ಎಲ್ಲ ತುಂಬಿ, ಎಲ್ಲರೂ ಕೂತು, ಹೆದ್ದಾರಿಯ ಟ್ರಕ್ ಸ್ಟಾಪಿನ ಕ್ಯಾಟ್ ಸ್ಕೇಲ್ (ವಾಹನ ತೂಗುವ ಕಟ್ಟೆ) ಮೇಲೆ ನಿಲ್ಲಿಸಿ. ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಟ್ರೇಲರ್ ಮೂರರ ತೂಕವೂ ಬೇರೆಬೇರೆ ಬರುತ್ತದೆ. ಹಿಂದಿನ ಆಕ್ಸಲ್ ತೂಕವನ್ನು ಬಾಗಿಲ ಕಂಬದ ಇನ್ನೊಂದು ಚೀಟಿಯ ಮಿತಿಗೆ ಹೋಲಿಸಿ. ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ ಹಾಕಿದರೆ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ: ಅದು ಹಿಂದಿನ ಭಾರದ ಒಂದು ಪಾಲನ್ನು ಮುಂದಿನ ಚಕ್ರಗಳಿಗೆ ಹಂಚುತ್ತದೆ, ಕಾರಿನ ಮಿತಿಯನ್ನು ಏರಿಸುವುದಿಲ್ಲ. ಅದನ್ನು ಬಳಸಬಾರದು ಎನ್ನುವ ಕಾರುಗಳೂ ಇವೆ, ಕೈಪಿಡಿ ನೋಡಿ.

ಪ್ರಶ್ನೆ: ಎರಡು ಇಂಚಿನ ಕ್ಲಾಸ್ 3 (ತಾಕತ್ತಿನ ದರ್ಜೆ) ಹಿಚ್ ಅನ್ನು ಗ್ಯಾರೇಜಿನಲ್ಲಿ ನಾನೇ ಕೂರಿಸಬಹುದೆ? ಎಲ್ಲಿ ಎಡವುತ್ತಾರೆ? (ಎಡಿಸನ್, ನ್ಯೂಜೆರ್ಸಿ)

ನಿಮ್ಮ ಕಾರಿನ ಮಾದರಿ, ವರ್ಷಕ್ಕೆಂದೇ ಮಾಡಿದ ಹಿಚ್ ಆದರೆ ಕೂರಿಸಬಹುದು. ಹೆಚ್ಚಿನವಕ್ಕೆ ಡ್ರಿಲ್ ಬೇಡ, ಚಾಸಿಗೆ ಕಾರ್ಖಾನೆಯಲ್ಲೇ ಬೆಸೆದ ನಟ್ಟುಗಳಿಗೆ ಬೋಲ್ಟ್ ಹೋಗುತ್ತದೆ. ಹಿಚ್ 40-50 ಪೌಂಡ್ ತೂಗುವುದರಿಂದ ಇನ್ನೊಬ್ಬರ ಕೈ ಬೇಕು. ಕಾರನ್ನು ಎತ್ತಿದರೆ ಜ್ಯಾಕ್ ಸ್ಟ್ಯಾಂಡ್ ಇಲ್ಲದೆ ಕೆಳಗೆ ಹೋಗಬೇಡಿ.

ಕೆಳಗೆ ಸ್ಪೇರ್ ಚಕ್ರ ಇದ್ದರೆ ಮೊದಲು ಇಳಿಸಿ. ಸೈಲೆನ್ಸರ್ ಅಡ್ಡ ಬಂದರೆ ಅದರ ರಬ್ಬರ್ ಕೊಂಡಿಗಳಿಗೆ ಸೋಪಿನ ನೀರು ಹಾಕಿದರೆ ಜಾರಿ ಬರುತ್ತವೆ. ಕಳಚಿದ ಸೈಲೆನ್ಸರನ್ನು ಪಟ್ಟಿಯಿಂದ ಕಟ್ಟಿಡಿ, ತೂಗಾಡಿದರೆ ಮುಂದಿನ ಪೈಪಿನ ಜಾಯಿಂಟ್ ಸಡಿಲವಾಗುತ್ತದೆ.

ಆಮೇಲೆ ಬರುವುದೇ ಮುಖ್ಯ ಕೆಲಸ. ನ್ಯೂಜೆರ್ಸಿಯ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರಲ್ಲ, ಮೂರ್ನಾಲ್ಕು ವರ್ಷದ ಕಾರಿನ ಬೆಸೆದ ನಟ್ಟುಗಳಲ್ಲಿ ತುಕ್ಕು ಕೂತೇ ಇರುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ, ಬೆಳಿಗ್ಗೆ ಕೊಳವೆ ಬ್ರಷ್ ತೂರಿಸಿ ತಿರುಗಿಸಿ ತೆಗೆಯಿರಿ. ಹಿಚ್ ಎತ್ತುವ ಮೊದಲು ಪ್ರತಿ ನಟ್ಟಿಗೂ ಬೋಲ್ಟನ್ನು ಬರಿಗೈಯಲ್ಲಿ ತಿರುಗಿಸಿ ನೋಡಿ. ಎರಡೇ ಸುತ್ತು ತಿರುಗಿ ಬಿಗಿಯಾದರೆ ಹೊರಗೆ ತೆಗೆದು ಮತ್ತೆ ಎಣ್ಣೆ ಹಾಕಿ, ಆಗಲೂ ಹೋಗದಿದ್ದರೆ ಅದೇ ಅಳತೆಯ, ಅದೇ ಎಳೆಯ ಟ್ಯಾಪ್ (ನಟ್ಟಿನ ಎಳೆ ಕೊರೆಯುವ ಉಪಕರಣ) ಹಾಕಿ. ಇಂಪ್ಯಾಕ್ಟ್ ಗನ್ ಮಾತ್ರ ಬೇಡ. ಬಿಗಿಯಾದ ಬೋಲ್ಟನ್ನು ಗನ್ನಿನಲ್ಲಿ ಒತ್ತಿದರೆ ಬೆಸುಗೆ ಕಿತ್ತು ನಟ್ಟು ಚಾಸಿಯ ಪೆಟ್ಟಿಗೆಯೊಳಗೇ ಗಿರಗಿರ ತಿರುಗುತ್ತದೆ. ಆಮೇಲೆ ಬೋಲ್ಟ್ ಒಳಗೂ ಹೋಗದು, ಹೊರಗೂ ಬರದು. ಚಾಸಿ ಕೊರೆಯದೆ ದಾರಿಯಿಲ್ಲ.

ಕೆಲವು ಕಾರುಗಳಲ್ಲಿ ನಟ್ಟು ಇರುವುದಿಲ್ಲ. ಬೋಲ್ಟನ್ನೇ ಚಾಸಿಯೊಳಗಿಂದ ಹೊರಗೆಳೆಯಬೇಕು. ಅದಕ್ಕೆ ಒಂದು ತುದಿ ಸುರುಳಿ ಮಾಡಿದ ತಂತಿ ಡಬ್ಬಿಯಲ್ಲೇ ಬರುತ್ತದೆ. ತಂತಿಯ ಸುರುಳಿಯಿರುವ ತುದಿಯನ್ನು ಬೋಲ್ಟಿನ ತೂತಿನಿಂದ ದೊಡ್ಡ ತೂತಿನ ಕಡೆಗೆ ತೂರಿಸಿ ಹೊರಗೆ ತಂದು, ಮೊದಲು ಚೌಕ ಪಟ್ಟಿ ಪೋಣಿಸಿ, ಬೋಲ್ಟಿಗೆ ಸುರುಳಿ ಸುತ್ತಿ ಎರಡನ್ನೂ ಒಳಗೆ ಬಿಟ್ಟು ಎಳೆಯಿರಿ. ಹಿಚ್ ಕೂತು ನಟ್ಟು ಹತ್ತಿಸುವವರೆಗೆ ತಂತಿ ಬಿಚ್ಚಬೇಡಿ. ಬಿಚ್ಚಿದಿರೋ, ಬೋಲ್ಟ್ ಒಳಕ್ಕೆ ಬಿದ್ದಂತೆಯೇ.

ಎಲ್ಲ ಬೋಲ್ಟನ್ನೂ ಕೈಯಲ್ಲಿ ಹತ್ತಿಸಿ, ಹಿಚ್ ನಡುಮಧ್ಯೆ ಇದೆಯೆ ಎಂದು ಅಳೆದು, ಆಮೇಲೆ ಟಾರ್ಕ್ ರೆಂಚಿನಲ್ಲಿ ಕಂಪನಿಯ ಹಾಳೆಯಲ್ಲಿ ಬರೆದಷ್ಟೇ ಬಿಗಿಯಿರಿ. ಬಾಲ್‌ನ ನಟ್ಟನ್ನೂ ಅಂದಾಜಿನಲ್ಲಿ ಬಿಗಿಯಬಾರದು: ದಂಡ ಮುಕ್ಕಾಲು ಇಂಚಿದ್ದರೆ ಸಾಮಾನ್ಯವಾಗಿ 160 ಅಡಿ-ಪೌಂಡ್, 1 ಇಂಚಿದ್ದರೆ 250. ಮೊದಲ ಸಲ ಎಳೆದು ಬಂದಮೇಲೆ ಎಲ್ಲವನ್ನೂ ಮತ್ತೊಮ್ಮೆ ನೋಡಿ.

ವಾರಂಟಿ ಬಗ್ಗೆಯೂ ಕೇಳಿದ್ದೀರಿ. ಬೇರೆ ಕಂಪನಿಯ ಹಿಚ್ ಹಾಕಿದ ಮಾತ್ರಕ್ಕೆ ಕಾರಿನ ವಾರಂಟಿ ರದ್ದು ಮಾಡಲು 1975ರ ಮ್ಯಾಗ್ನುಸನ್-ಮಾಸ್ ಕಾಯ್ದೆ ಬಿಡುವುದಿಲ್ಲ. ಆ ಹಿಚ್‌ನಿಂದಲೇ ಕೆಟ್ಟ ಭಾಗಕ್ಕೆ ಮಾತ್ರ ಇಲ್ಲ ಎನ್ನಬಹುದು.

ಪ್ರಶ್ನೆ: ಟ್ರೇಲರಿನ ದೀಪಗಳಿಗೆ ನಾಲ್ಕು ಪಿನ್ನಿನ ವೈರಿಂಗ್ ಹಾಕಿದೆ. ಎಡ ಇಂಡಿಕೇಟರ್ ಹಾಕಿದರೆ ಟ್ರೇಲರಿನ ಎರಡೂ ಕಡೆ ಮಂಕಾಗಿ ಮಿಣುಕುತ್ತದೆ. ಬ್ರೇಕ್ ಒತ್ತಿದರೆ ಹಿಂದಿನ ದೀಪವೇ ಆರುತ್ತದೆ. (ಫ್ರೀಮಾಂಟ್, ಕ್ಯಾಲಿಫೋರ್ನಿಯಾ)

ಅರ್ಥಿಂಗ್ ಸರಿಯಿಲ್ಲ. ಬಿಳಿ ವೈರ್ ಅರ್ಥ್, ಕಂದು ಟೇಲ್ ಲ್ಯಾಂಪ್, ಹಳದಿ ಎಡ ಇಂಡಿಕೇಟರ್ ಮತ್ತು ಬ್ರೇಕ್, ಹಸಿರು ಬಲದ್ದು. ಬಿಳಿ ವೈರಿಗೆ ಚಾಸಿ ಸಿಗದಿದ್ದರೆ ಕರೆಂಟು ಇನ್ನೊಂದು ಬಲ್ಬಿನ ಮೂಲಕ ವಾಪಸು ಹೋಗಲು ನೋಡುತ್ತದೆ, ಅದಕ್ಕೇ ಈ ಮಂಕು. ಪೇಂಟ್ ಕೆರೆದು ಲೋಹ ಹೊಳೆಯುವಂತೆ ಮಾಡಿ ಉಂಗುರದ ಟರ್ಮಿನಲ್ ಬಿಗಿಯಿರಿ. ಕಾರಿನ ಕಡೆ ಮಾತ್ರವಲ್ಲ, ಟ್ರೇಲರಿನ ಕಡೆಯ ಬಿಳಿ ವೈರನ್ನೂ ನೋಡಿ. ಹಳೆಯ ಟ್ರೇಲರುಗಳಲ್ಲಿ ಹೆಚ್ಚಾಗಿ ಬಿಟ್ಟಿರುವುದು ಅದೇ. ಬಾಲ್ ಮೂಲಕ ಅರ್ಥ್ ಸಿಗುತ್ತದೆಂದು ನಂಬಬೇಡಿ, ಅಲ್ಲಿ ಗ್ರೀಸ್ ಇರುತ್ತದೆ.

ನಿಮ್ಮ ಕಾರಿನಲ್ಲಿ ಬ್ರೇಕ್ ಕೆಂಪು, ಇಂಡಿಕೇಟರ್ ಹಳದಿ ಎಂದು ಬೇರೆಬೇರೆ ಇದ್ದರೆ ಎರಡನ್ನೂ ಒಂದೇ ವೈರಿಗೆ ಸೇರಿಸುವ ಕನ್ವರ್ಟರ್ ಡಬ್ಬಿ ಬೇಕೇ ಬೇಕು. ಬ್ಯಾಟರಿಯಿಂದಲೇ ಫ್ಯೂಸ್ ಸಹಿತ ಕರೆಂಟು ಪಡೆಯುವ ಜಾತಿಯದನ್ನು ಕೊಳ್ಳಿ, ಆಗ ಟ್ರೇಲರಿನ ಹೊರೆ ಕಾರಿನ ದೀಪದ ವೈರುಗಳ ಮೇಲೆ ಬೀಳುವುದಿಲ್ಲ. ಫ್ಯೂಸನ್ನು ಎಲ್ಲ ಜೋಡಿಸಿದ ಮೇಲೆ ಕೊನೆಯಲ್ಲಿ ಹಾಕಿ. ಪಿನ್ನುಗಳಿಗೆ ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಿದರೆ ಹಸಿರು ಕಿಲುಬು ಹಿಡಿಯದು.

ಪ್ರಶ್ನೆ: ಕಾರಿನೊಳಗಿಂದ ಟ್ರೇಲರಿನ ಬ್ರೇಕ್ ನಡೆಸುವ ಬ್ರೇಕ್ ಕಂಟ್ರೋಲರ್ ಅಗತ್ಯವೆ? (ರಾಲಿ, ನಾರ್ತ್ ಕ್ಯಾರೊಲಿನಾ)

ಟ್ರೇಲರಿನಲ್ಲಿ ಎಲೆಕ್ಟ್ರಿಕ್ ಬ್ರೇಕ್ ಇದ್ದರೆ ಹೌದು. ದೋಣಿ ಟ್ರೇಲರುಗಳಲ್ಲಿರುವ ಸರ್ಜ್ ಬ್ರೇಕಿಗೆ ಬೇಡ, ಅದು ಟ್ರೇಲರ್ ಮುಂದಕ್ಕೆ ನೂಕುವ ಬಲದಿಂದಲೇ ಹಿಡಿಯುತ್ತದೆ. ಬಹಳಷ್ಟು ರಾಜ್ಯಗಳಲ್ಲಿ 3,000 ಪೌಂಡ್ ದಾಟಿದ ಟ್ರೇಲರಿಗೆ ಬ್ರೇಕ್ ಕಡ್ಡಾಯ. ಕಾನೂನು ಹಾಗಿರಲಿ, ಕಾರಿನ ಕೈಪಿಡಿ ಇನ್ನೂ ಕಡಿಮೆ ತೂಕಕ್ಕೇ ಬ್ರೇಕ್ ಕೇಳಬಹುದು. ಅದನ್ನೇ ಪಾಲಿಸಿ.

ಕಂಟ್ರೋಲರಿಗೆ ನಾಲ್ಕು ಪಿನ್ ಸಾಲದು, ಏಳು ಪಿನ್ ಬೇಕು. ಅದರಲ್ಲಿ ನೀಲಿ ವೈರ್ ಬ್ರೇಕಿನದು. ಕಾರು ಎಷ್ಟು ಜೋರಾಗಿ ನಿಲ್ಲುತ್ತದೋ ಅಷ್ಟೇ ಜೋರಾಗಿ ಟ್ರೇಲರನ್ನೂ ಹಿಡಿಯುವ ಪ್ರೊಪೋರ್ಷನಲ್ ಬಗೆ ಕೊಳ್ಳಿ. ಅಗ್ಗದ ಟೈಮ್ ಡಿಲೇ ಬಗೆ ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ಒಂದೇ ರೀತಿ ಹಿಡಿಯುತ್ತದೆ. ಖಾಲಿ ಸಮತಟ್ಟು ಜಾಗದಲ್ಲಿ 25 ಮೈಲಿ ವೇಗದಲ್ಲಿ ಕಂಟ್ರೋಲರಿನ ಕೈಗುಂಡಿಯನ್ನೇ ಒತ್ತಿ. ಟ್ರೇಲರಿನ ಚಕ್ರ ಲಾಕ್ ಆದರೆ ಗೇನ್ (ಬ್ರೇಕ್ ಹಿಡಿತದ ಪ್ರಮಾಣ) ಇಳಿಸಿ, ಹಿಡಿದದ್ದೇ ತಿಳಿಯದಿದ್ದರೆ ಏರಿಸಿ. ಟ್ರೇಲರಿನ ಭಾರ ಬದಲಾದಾಗೆಲ್ಲ ಮತ್ತೆ ಹೊಂದಿಸಬೇಕು.

ಪ್ರಶ್ನೆ: 60 ಮೈಲಿ ದಾಟಿದರೆ ಟ್ರೇಲರ್ ಬಾಲ ಅಲ್ಲಾಡಿಸುತ್ತದೆ. (ಹ್ಯೂಸ್ಟನ್)

ಭಾರ ಹಿಂದೆ ಕೂತಿದೆ. ಊರಲ್ಲಿ ಎತ್ತಿನ ಗಾಡಿಗೆ ಹೇರು ಹಾಕುವವರು ಮೂಕಿ ಮೇಲೇಳದಂತೆ ನೋಡಿಕೊಳ್ಳುತ್ತಾರಲ್ಲ, ಇದೂ ಅದೇ. ಸುಮಾರು ಶೇ. 60 ಭಾರ ಆಕ್ಸಲಿನಿಂದ ಮುಂದಿರಲಿ. ಅಂದಾಜು ಬೇಡವೆಂದರೆ ಬಚ್ಚಲುಮನೆಯ ತೂಕದ ಯಂತ್ರವೇ ಸಾಕು. ಒಂದು ಗಟ್ಟಿ ಹಲಗೆಯ ಒಂದು ತುದಿ ಇಟ್ಟಿಗೆಯ ಮೇಲೆ, ಇನ್ನೊಂದು ತುದಿ ಯಂತ್ರದ ಮೇಲೆ, ನಡುವೆ 3 ಅಡಿ. ಇಟ್ಟಿಗೆಯಿಂದ 1 ಅಡಿಗೆ ಟ್ರೇಲರಿನ ಮೂತಿ ಕೂರಿಸಿ. ಯಂತ್ರ ತೋರಿಸಿದ್ದನ್ನು 3ರಿಂದ ಗುಣಿಸಿದರೆ ಟಂಗ್ ವೇಟ್. ಟ್ರೇಲರ್ ಮಟ್ಟವಾಗಿ ನಿಂತಿರಬೇಕು, ಚಕ್ರಗಳಿಗೆ ಅಡ್ಡ ಕೊಟ್ಟಿರಬೇಕು.

ಬಾಲ್ ಎತ್ತರವೂ ಕಾರಣವಾಗಬಹುದು. ಮೂತಿ ಮೇಲೆದ್ದು ಓಡುವ ಟ್ರೇಲರ್ ಹೊಯ್ದಾಡುತ್ತದೆ. ನೆಲದಿಂದ ರಿಸೀವರ್ (ಬಾಲ್ ಮೌಂಟ್ ತೂರಿಸುವ ಹಿಚ್‌ನ ಕೊಳವೆ) ಬಾಯಿಯ ಒಳಗಿನ ಮೇಲಂಚಿನವರೆಗೆ ಅಳೆಯಿರಿ. ಟ್ರೇಲರನ್ನು ಮಟ್ಟವಾಗಿಟ್ಟು ನೆಲದಿಂದ ಕಪ್ಲರಿನ ಕೆಳ ಅಂಚಿನವರೆಗೆ ಅಳೆಯಿರಿ. ಇವೆರಡರ ವ್ಯತ್ಯಾಸದಷ್ಟು ಇಳಿವಿರುವ ಬಾಲ್ ಮೌಂಟ್ ಬೇಕು. ಬಾಲ್ ಅಳತೆ ಕಪ್ಲರ್ ಮೇಲೆ ಅಚ್ಚಾಗಿರುತ್ತದೆ. 2 ಇಂಚಿನ ಕಪ್ಲರಿಗೆ 1⅞ ಇಂಚಿನ ಬಾಲ್ ಹಾಕಿದರೂ ಕೂತಂತೆ ಕಾಣುತ್ತದೆ, ಮೊದಲ ಉಬ್ಬಿನಲ್ಲಿ ಎಗರುತ್ತದೆ. ಆ ಗಳಿಗೆಗೆಂದೇ ಸುರಕ್ಷತಾ ಸರಪಳಿಗಳನ್ನು ಮೂತಿಯ ಕೆಳಗೆ ಕತ್ತರಿಯಂತೆ ದಾಟಿಸಿ ಕೊಕ್ಕೆ ಹಾಕುವುದು.

ಓಡುವಾಗಲೇ ಹೊಯ್ದಾಟ ಶುರುವಾದರೆ ಆಕ್ಸಲರೇಟರಿನಿಂದ ಕಾಲು ತೆಗೆಯಿರಿ, ಸ್ಟೀರಿಂಗ್ ನೇರ ಹಿಡಿಯಿರಿ, ಕಂಟ್ರೋಲರಿನ ಕೈಗುಂಡಿಯಿಂದ ಟ್ರೇಲರನ್ನು ಮಾತ್ರ ಹಿಡಿಯಿರಿ. ಕಾರಿನ ಬ್ರೇಕ್ ಜೋರಾಗಿ ಒತ್ತಿದರೆ ಟ್ರೇಲರ್ ಮುಂದೆ ಬರಲು ನೋಡುತ್ತದೆ.

ಪ್ರಶ್ನೆ: ಟ್ರೇಲರ್ ಬೇಡ, ನಾಲ್ಕು ಸೈಕಲ್ ಸಾಕು. ಕಾರಿಗೆ 1¼ ಇಂಚಿನ ಹಿಚ್ ಇದೆ, ಅಡಾಪ್ಟರ್ ಹಾಕಲೆ? (ಸಿಯಾಟಲ್)

ಬೇಡ. ಅಡಾಪ್ಟರ್ ರ‍್ಯಾಕನ್ನು ಇನ್ನಷ್ಟು ಹಿಂದಕ್ಕೆ ತಳ್ಳುತ್ತದೆ, ಅದರಿಂದ ತಡೆಯುವ ಭಾರ ಇಳಿಯುತ್ತದೆ. ನಿಮ್ಮದು ಕ್ಲಾಸ್ 1 ಹಿಚ್ ಆದರೆ ಟಂಗ್ ಮಿತಿಯೇ 200 ಪೌಂಡ್. ರ‍್ಯಾಕ್‌ನದೇ 60 ಪೌಂಡಿನಷ್ಟು ತೂಕ, ಎರಡು ಇ-ಬೈಕ್ ಸೇರಿದರೆ ಮುಗಿಯಿತು. 2 ಇಂಚಿನ ಹಿಚ್ ಹಾಕಿಸಿ. ನಂಬರ್ ಪ್ಲೇಟ್ ಮುಚ್ಚಿದರೆ ದಂಡ ಬೀಳಬಹುದು, ಅದನ್ನೂ ನೋಡಿ.

ಪ್ರಶ್ನೆ: ನಮ್ಮ ಎಸ್‌ಯುವಿಯ ಮುಂದೆ ತಿರುಗಿಸಿ ಹಾಕುವ ಕೊಕ್ಕೆ ಕೊಟ್ಟಿದ್ದಾರೆ. ಹಿಂದೆಯೂ ಅದೇ ಹಾಕಿ ತೋಟಕ್ಕೆ ಚಿಕ್ಕ ಟ್ರೇಲರ್ ಎಳೆಯಬಹುದೆ? (ಮೈಸೂರು)

ಬೇಡ. ಅದು ಕೆಸರಲ್ಲಿ ಹೂತ, ಕೆಟ್ಟು ನಿಂತ ಕಾರನ್ನು ನಿಧಾನವಾಗಿ ಎಳೆಯಲು ಇರುವುದು. ಟ್ರೇಲರ್ ಮೇಲಿನಿಂದ ಒತ್ತುವ ಭಾರ ತಡೆಯಲು ಅಲ್ಲ. ಹಿಚ್ ಕೂರಿಸುವ ಮುಂಚೆ ಕಂಪನಿಯ ಕೈಪಿಡಿಯಲ್ಲಿ ಎಳೆಯುವ ಮಿತಿ ಕೊಟ್ಟಿದ್ದಾರೆಯೇ ನೋಡಿ. ಕೊಡದಿದ್ದರೆ ಅಲ್ಲಿಗೇ ಬಿಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನ ಬದಲಿಸುವಂತಿಲ್ಲ, ಟ್ರೇಲರಿಗೂ ಪ್ರತ್ಯೇಕ ನೋಂದಣಿ ಬೇಕು. ಆರ್‌ಟಿಓ ಕಚೇರಿಯಲ್ಲಿ ಕೇಳಿದ ಮೇಲೆಯೇ ವೆಲ್ಡಿಂಗ್ ಅಂಗಡಿಯ ಕಡೆ ಹೋಗಿ. ತೋಟದ ಕೆಲಸಕ್ಕಾದರೆ ಬಾಡಿಗೆ ಪಿಕಪ್ ಅಗ್ಗ.